ಗೋಡೆಯಾಚೆಯ ಪಿರಮಿಡ್ಡು

ಯೋಗ ಕಲಿಸುವವರ ಬೆನ್ನು ಹಿಡಿದುಕೊಂಡದ್ದರಿಂದ ಅನಂತಪದ್ಮನಾಭ ಆಫ್ರಿಕಾದಲ್ಲಿ ಸಿಕ್ಕಿಹಾಕಿಕೊಂಡ.

೧೯೮೭ರ ಅಕ್ಟೋಬರ್ ತಿಂಗಳ ಒಂದು ಶನಿವಾರ. ವಾರದ ಐದು ದಿನ ಫ್ರೀಮಾಂಟಿನಿಂದ ಸ್ಯಾನ್ ಮಟಿಯೋದ ಆಫೀಸಿಗೆ ಸೇತುವೆ ದಾಟಿ ಹೋಗಿ, ಅದೇ ಸೇತುವೆ ದಾಟಿ ಬಂದು ಸುಸ್ತಾಗುತ್ತಿದ್ದ ಅವನು, ಅಂದು ಬೆಳಿಗ್ಗೆ ಒಂಬತ್ತಾದರೂ ಲುಂಗಿಯಲ್ಲೇ ಸೋಫಾದ ಮೇಲೆ ಕಾಲು ಚಾಚಿ ಎರಡನೇ ಲೋಟ ಕಾಫಿ ಕುಡಿಯುತ್ತಿದ್ದ. ಆಗ ಫೋನು ಹೊಡೆದುಕೊಂಡಿತು. ಪದ್ಮಜಾ ಎತ್ತಿದಳು.

"ಅಯ್ಯೋ ಪಾಪ! ಯೋಗದವರಿಗೇ ಬೆನ್ನಾ? ... ಬಗ್ಗೋಕೇ ಆಗ್ತಿಲ್ವಂತಾ? ... ಹೌದೌದು, ಸ್ಕೂಲ್ ಹಾಲ್ ಬುಕ್ ಆಗಿದೆ, ಅಡುಗೇನೂ ಆಗ್ತಿದೆ ... ಅದಕ್ಕೇನಂತೆ ಸತ್ಯವತಿಯವರೇ, ನಮ್ಮೆಜಮಾನ್ರು ಮಾತಾಡ್ತಾರೆ! ಆಫ್ರಿಕಾ ವಿಷ್ಯ ತಾನೇ? ಅವರು ಕಣ್ಣಾರೆ ನೋಡಿ ಬಂದೋರು."

ಅನಂತಪದ್ಮನಾಭ ಕಾಫಿ ಲೋಟ ಕೆಳಗಿಟ್ಟ. ಬೇಡ ಬೇಡ ಎಂದು ಎರಡೂ ಕೈ ಆಡಿಸಿದ. ಪದ್ಮಜಾ ಅದನ್ನು ಸಂತೋಷವೆಂದು ತಿಳಿದು ನಕ್ಕು, ಫೋನು ಇಟ್ಟಳು.

"ನಮ್ಮ ಕನ್ನಡ ಬಳಗದ ಸಭೆ ಮೂರು ಗಂಟೆಗಂತೆ ರೀ, ಯೋಗದವರ ಬದಲು ನೀವು. ಪ್ಲೆಸೆಂಟನ್ ಸ್ಕೂಲಲ್ಲಿ. ಹೋದ ತಿಂಗಳು ಎಲ್ಲರೂ ಸೇರಿ ಆಫ್ರಿಕಾ ಟೂರ್ ಹೋಗೋಣ ಅಂತ ಮಾತಾಗಿತ್ತಲ್ಲ, ಆ ಖಂಡದಲ್ಲಿ ಯಾವ ದೇಶಕ್ಕೆ ಜಾಸ್ತಿ ಪ್ರವಾಸಿಗರು ಹೋಗ್ತಾರೆ, ಯಾಕೆ ಹೋಗ್ತಾರೆ, ಅದನ್ನ ಹೇಳ್ಬೇಕಂತೆ. ಅರ್ಧ ಗಂಟೆ ಸಾಕು."

"ಅರ್ಧ ಗಂಟೆಯಾ? ಪದ್ಮಾ, ನನಗೆ ಅರ್ಧ ನಿಮಿಷಕ್ಕೂ..."

"ಸುಮ್ನಿರಿ. ನೀವು ಸಂಕೋಚದ ಮನುಷ್ಯ ಅಂತ ನಂಗೊತ್ತಿಲ್ವಾ?"

ಅವನ ಕಷ್ಟ ಸಂಕೋಚದ್ದಾಗಿರಲಿಲ್ಲ. ಎಂಟು ವರ್ಷದ ಹಿಂದೆ, ಪದ್ಮಜಾಳ ಜೊತೆ ನಿಶ್ಚಿತಾರ್ಥ ಮುಗಿಸಿ ಮೂರು ತಿಂಗಳಿಗೆ, ಅವನು ಮೊದಲ ಸಲ ಅಮೆರಿಕಕ್ಕೆ ಹೊರಟಾಗ ಕೈರೋದಲ್ಲಿ ವಿಮಾನ ಬದಲಾಯಿಸಬೇಕಿತ್ತು. ಮುಂದಿನ ವಿಮಾನ ತಡವಾಯಿತು. ಹನ್ನೊಂದು ಗಂಟೆ ಹೊತ್ತು ಅವನನ್ನು ಒಂದು ದೊಡ್ಡ ಕೋಣೆಯಲ್ಲಿ ಕೂರಿಸಿದರು. ಹೊರಗೆ ಬಿಡಲಿಲ್ಲ. ಗಾಜಿನಾಚೆ ಅವನಿಗೆ ಕಂಡದ್ದು ಕೆಟ್ಟು ನಿಂತ ಒಂದು ಟ್ರಕ್ಕು, ಒಂದಿಷ್ಟು ಮರಳು, ಎರಡು ಬೆಕ್ಕು. ಕಸ ಗುಡಿಸುತ್ತಿದ್ದವನನ್ನು ಹಿಡಿದು, ಕೈಯಿಂದ ತ್ರಿಕೋನ ಬರೆದು ತೋರಿಸಿ, ಪಿರಮಿಡ್ಡು ಎಲ್ಲಿ ಎಂದು ಕೇಳಿದ್ದ. ಆತ ಪೊರಕೆಯಿಂದ ಎದುರಿನ ಗೋಡೆಯನ್ನು ತೋರಿಸಿದ. ಗೋಡೆಯ ಆ ಕಡೆ ಎಂದು ಅದರ ಅರ್ಥ. ಅನಂತಪದ್ಮನಾಭ ಕಂಡ ಈಜಿಪ್ಟು ಅಷ್ಟೇ.

ಆದರೆ ಮೈಸೂರಿನಲ್ಲಿ ಕಾಯುತ್ತಿದ್ದ ಹುಡುಗಿಗೆ ಗೋಡೆ ನೋಡಿದೆ ಎಂದು ಬರೆಯುವುದು ಹೇಗೆ? ಸೂರ್ಯೋದಯದ ಹೊತ್ತಿಗೆ ಪಿರಮಿಡ್ಡಿನ ಬುಡದಲ್ಲಿ ನಿಂತು ನಿನ್ನನ್ನು ನೆನೆದೆ ಎಂದು ಬರೆದ. ಆ ಕಾಗದವನ್ನು ಪದ್ಮಜಾ ತಮ್ಮ ಬಡಾವಣೆ ಸರಸ್ವತಿಪುರದ ಅರ್ಧ ಜನಕ್ಕೆ ಓದಿ ಹೇಳಿದ್ದಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮಿಕ್ಕ ಅರ್ಧವನ್ನು ಕ್ಯಾಲಿಫೋರ್ನಿಯಾದಲ್ಲಿ ಹುಡುಕಿಕೊಂಡಳು. ವರ್ಷ ಕಳೆದಂತೆ ಪಿರಮಿಡ್ಡಿನ ಬುಡದಲ್ಲಿದ್ದವನು ಒಳಗೂ ಹೋಗಿ ಬಂದ. ಒಂಟೆಯ ಮೇಲೂ ಕೂತ. ಕೇಳಿದವರಿಗೆ ಇಲ್ಲ ಎನ್ನುವುದು ಅವನಿಗೆ ಅಭ್ಯಾಸವಿರಲಿಲ್ಲ.

ಹತ್ತೂವರೆಗೆ ಅವನು ಲೈಬ್ರರಿಗೆ ಹೊರಟ. ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ವಿರುಪಾಕ್ಷಪ್ಪ ಅಡ್ಡ ನಿಂತ. ಹುಬ್ಬಳ್ಳಿ ಕಡೆಯ ಎಂಜಿನಿಯರು. ಆ ಬೇಸಿಗೆಯಲ್ಲಿ ಯೂರೋಪಿನ ಏಳು ದೇಶಗಳನ್ನು ಒಂಬತ್ತು ದಿನದಲ್ಲಿ ಮುಗಿಸಿ ಬಂದವನು. ಅಂದಿನಿಂದ ಕಾರು ತೊಳೆಯುವಾಗಲೂ ಸ್ವಿಟ್ಜರ್ಲೆಂಡಿನ ಮಾತೇ ಆಡುತ್ತಿದ್ದ.

"ಭಾಷಣ ಅಂತಲ್ರೀ! ಬರ್ರಿ, ನಾನೂ ಬರ್ತೀನಿ. ನಿಮಗ ಏನರ ಸಹಾಯ ಬೇಕಾಗತೈತಿ."

"ಬೇಡ ಬಿಡಿ, ನಿಮಗ್ಯಾಕೆ ತೊಂದ್ರೆ."

"ತೊಂದ್ರಿ ಏನ್ ಬಂತ್ರೀ? ಮನ್ಯಾಗ ನಮ್ಮತ್ತಿ ಬಂದಾರ, ವಿಜಾಪುರದಿಂದ. ಹತ್ತು ದಿನ ಆತು. ಮಾತಾಡಾಕ ಶುರು ಮಾಡಿದ್ರ ನಿಲ್ಲಂಗಿಲ್ಲ. ನನಗ ಲೈಬ್ರರಿನ ಬೇಕಾಗಿತ್ತು." ಎಂದು ಕಾರಿನ ಬಾಗಿಲು ತೆಗೆದು ಕೂತೇಬಿಟ್ಟ.

ಲೈಬ್ರರಿಯ ಹಿರಿಯ ಹೆಂಗಸು ದಪ್ಪ ಅಂಕಿಅಂಶದ ಪುಸ್ತಕಗಳನ್ನು ಮೂರು ಸಲ ಹೊತ್ತು ತಂದಿಟ್ಟಳು. ಅನಂತಪದ್ಮನಾಭ ಬೆರಳಿಟ್ಟು ಓದುತ್ತ ಹೋದ. ಅವನ ಮುಖ ಇಳಿಯುತ್ತ ಬಂತು.

"ವಿರುಪಾಕ್ಷಪ್ಪನವರೇ, ಇಲ್ನೋಡಿ. ಮೊರಾಕ್ಕೊ. ಟ್ಯುನೀಸಿಯಾ. ಆಮೇಲೆ ಈಜಿಪ್ಟು. ಕೀನ್ಯಾ ಇವೆಲ್ಲಕ್ಕಿಂತ ಎಷ್ಟೋ ಕೆಳಗಿದೆ."

"ಏ, ಪುಸ್ತಕ ತಪ್ಪೈತಿ. ಕೀನ್ಯಾದಾಗ ಸಿಂಹ ಅದಾವ್ರೀ! ಟ್ಯುನೀಸಿಯಾದಾಗ ಏನೈತಿ?"

"ಸಮುದ್ರ ಇದೆ. ಬಿಸಿಲಿದೆ. ಯೂರೋಪಿನೋರಿಗೆ ವಿಮಾನ ಹತ್ತಿದ್ರೆ ಎರಡು ಮೂರು ಗಂಟೆ. ಚಳಿ ತಡೀಲಾರದೆ ಬರ್ತಾರೆ, ಮರಳಿನ ಮೇಲೆ ಮಲಗ್ತಾರೆ, ಹೋಗ್ತಾರೆ."

"ಬರೇ ಮಲಗಾಕ?" ವಿರುಪಾಕ್ಷಪ್ಪನಿಗೆ ಅವಮಾನವಾದಂತಾಯಿತು. "ಹಂಗಂದ್ರ ಜನ ನಂಬಂಗಿಲ್ಲ. ನೀವು ಸುಮ್ಮ ಸಿಂಹ ಅಂತ ಹೇಳಿಬಿಡ್ರಿ."

ದಾರಿಯಲ್ಲಿ ಕೊತ್ತಂಬರಿ ತರಲು ಇಂಡಿಯನ್ ಗ್ರೋಸರಿಗೆ ಹೋದರೆ, ವಿರುಪಾಕ್ಷಪ್ಪ ಅಲ್ಲಿಯೂ ಈ ಪ್ರಶ್ನೆ ಎತ್ತಿದ. ಅಂಗಡಿಯವನು ದಕ್ಷಿಣ ಆಫ್ರಿಕಾ ಎಂದ. ಅಲ್ಲಿಗೆ ಹೋಗಬಾರದೆಂದು ನಮ್ಮ ಪಾಸ್‌ಪೋರ್ಟಿನಲ್ಲೇ ಬರೆದಿದೆಯಲ್ಲ ಎಂದರೆ, "ಅದಕ್ಕೇ ಹೇಳಿದ್ದು, ಹೋಗಬೇಡ ಅಂದ ಕಡೆ ತಾನೇ ಜನ ಜಾಸ್ತಿ ಹೋಗೋದು" ಎಂದ. ಬೆಂಡೆಕಾಯಿ ಆರಿಸುತ್ತಿದ್ದ ಒಬ್ಬರು ಮಾರಿಷಸ್ಸಿಗೆ ಓಟು ಹಾಕಿದರು. ಹತ್ತು ನಿಮಿಷದಲ್ಲಿ ಅಂಗಡಿಯ ತುಂಬ ಆಫ್ರಿಕಾ ಬಲ್ಲವರು ತುಂಬಿಹೋದರು. ಅನಂತಪದ್ಮನಾಭ ಕೊತ್ತಂಬರಿ ಮರೆತು ಮನೆಗೆ ಬಂದ. ಅದಕ್ಕೆ ಬೇರೆ ಬೈಸಿಕೊಂಡ.

ಮನೆಯಲ್ಲಿ ಇನ್ನೊಂದು ತಾಪತ್ರಯ. ಭಾಷಣಕ್ಕೆ ನಕ್ಷೆ ಬೇಕೆಂದು ಸತ್ಯವತಿ ಮತ್ತೆ ಫೋನು ಮಾಡಿದ್ದರಂತೆ. ಸತ್ಯವತಿ ಕನ್ನಡ ಬಳಗದ ಅಧ್ಯಕ್ಷೆ, ಡಾಕ್ಟರು. ಚುಚ್ಚುಮದ್ದು ಬೇಡ ಎನ್ನುವ ರೋಗಿಯ ಮಾತನ್ನು ಹೇಗೆ ಕೇಳಿಸಿಕೊಳ್ಳುತ್ತಿರಲಿಲ್ಲವೋ, ಬಳಗದ ಸದಸ್ಯರ ಮಾತನ್ನೂ ಹಾಗೇ.

"ಈಗ ನಕ್ಷೆ ಎಲ್ಲಿಂದ ತರ್ಲಿ?"

ಆರು ವರ್ಷದ ಮಗಳು ಟೀವಿಯಿಂದ ಕಣ್ಣು ತೆಗೆಯದೆ, "ದೇರ್ಸ್ ಒನ್ ಇನ್ ದ ಬಾತ್‌ರೂಮ್, ಡ್ಯಾಡಿ" ಎಂದಳು.

ನಿಜ. ಸ್ನಾನದ ತೊಟ್ಟಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪರದೆಯ ಮೇಲೆ ಇಡೀ ಪ್ರಪಂಚವೇ ಅಚ್ಚಾಗಿತ್ತು. ಪದ್ಮಜಾ ಅದನ್ನು ಬಿಚ್ಚಿ, ಒರೆಸಿ, ಸುತ್ತಿ ಅವನ ಕೈಗೆ ಕೊಟ್ಟಳು. ಕಂಬಳಿ ಹೊದ್ದ ಹಸುಗೂಸಿನಂತೆ ಅದನ್ನು ಎದೆಗವುಚಿಕೊಂಡು ಅನಂತಪದ್ಮನಾಭ ಪ್ಲೆಸೆಂಟನ್ನಿಗೆ ಹೊರಟ.

ಶಾಲೆಯ ಕೆಫೆಟೇರಿಯಾದಲ್ಲಿ ನೂರು ಜನ ದೊಡ್ಡವರು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗಿಸಿ ಕೂತಿದ್ದರು. ಬಿಸಿಬೇಳೆ ಭಾತು ಹಿಂದಿನ ಮೇಜಿನ ಮೇಲೆ ಹಬೆಯಾಡುತ್ತಿತ್ತು. ಊಟ ಮೊದಲಿಟ್ಟರೆ ಭಾಷಣಕಾರನೊಬ್ಬನೇ ಉಳಿಯುತ್ತಾನೆ ಎಂಬುದನ್ನು ಬಳಗದವರು ಅನುಭವದಿಂದ ಕಲಿತಿದ್ದರು. ಪದ್ಮಜಾ ಮುಂದಿನ ಸಾಲಿನಲ್ಲಿ ಮೈಸೂರು ಸಿಲ್ಕ್ ಉಟ್ಟು ಕೂತಿದ್ದಳು. ಅವಳ ಪಕ್ಕದಲ್ಲಿ ವಿರುಪಾಕ್ಷಪ್ಪ, ಅವನ ಹೆಂಡತಿ, ಮತ್ತೆ ಇಳಕಲ್ ಸೀರೆಯ ಮೇಲೆ ಅಳಿಯನ ಹಳೇ ಸ್ವೆಟರ್ ಹಾಕಿಕೊಂಡ ಮುದುಕಿ, ಅತ್ತೆ ಶರಣವ್ವ.

"ಕೈರೋದ ಪಿರಮಿಡ್ಡುಗಳನ್ನು ಸ್ವತಃ ಹತ್ತಿ ಇಳಿದ ನಮ್ಮ ಅನಂತಪದ್ಮನಾಭ ಅವರು..." ಎಂದು ಸತ್ಯವತಿ ಪರಿಚಯ ಮಾಡಿಕೊಟ್ಟರು. ಚಪ್ಪಾಳೆ ಬಿತ್ತು. ಒಳಗೆ ಹೋಗಿ ಬಂದವನನ್ನು ಅವರು ಈಗ ಹತ್ತಿಸಿಯೂ ಆಗಿತ್ತು.

ಅವನು ಪರದೆ ತೂಗುಹಾಕಿದ. ಹಸಿರು, ಹಳದಿ, ಗುಲಾಬಿ ಬಣ್ಣದ ದೇಶಗಳು ನಗುತ್ತ ನಿಂತವು.

"ನಡುವ ಅದೇನ್ರೀ ಬೆಳ್ಳಗ? ಸರೋವರ ಏನು?" ವಿರುಪಾಕ್ಷಪ್ಪ ಕೇಳಿದ.

"ಅದು ಶಾಂಪೂ" ಎಂದು ಅನಂತಪದ್ಮನಾಭ ಕರವಸ್ತ್ರದಿಂದ ಕಾಂಗೋವನ್ನು ಉಜ್ಜಿದ.

ಆದರೂ ಮಾತು ಶುರುವಾದ ಮೇಲೆ ಚೆನ್ನಾಗಿಯೇ ಆಯಿತು. ಬೆಳಿಗ್ಗೆ ಓದಿದ್ದು ನೆನಪಿತ್ತು. ಮೊರಾಕ್ಕೊಗೆ ಜನ ಏಕೆ ಹೋಗುತ್ತಾರೆ: ಸ್ಪೇನಿನಿಂದ ಕಣ್ಣಳತೆಯ ದೂರ, ಹಳೇ ಪೇಟೆಗಳು, ಕೋಟೆಗಳು, ಫ್ರೆಂಚ್ ಮಾತಾಡಿದರೆ ನಡೆಯುತ್ತದೆ. ಟ್ಯುನೀಸಿಯಾಕ್ಕೆ ಏಕೆ: ಕಡಲದಂಡೆಯುದ್ದಕ್ಕೂ ಹೋಟೆಲು, ವರ್ಷದ ಮುಕ್ಕಾಲು ಪಾಲು ಬಿಸಿಲು. ಕೀನ್ಯಾಕ್ಕೆ ಪ್ರಾಣಿಗಳಿಗಾಗಿ ಹೋಗುತ್ತಾರೆ, ನಿಜ. ಆದರೆ ದೂರ, ಆದ್ದರಿಂದ ಹೋಗುವವರು ಕಡಿಮೆ.

"ಒಟ್ಟಿನಲ್ಲಿ ಆಫ್ರಿಕಾಕ್ಕೆ ಜನರನ್ನು ಎಳೆಯೋದು ಸಿಂಹ ಅಲ್ಲ, ಬಿಸಿಲು" ಎಂದ.

ಸಭೆ ಗೊಳ್ ಎಂದಿತು. ವಿರುಪಾಕ್ಷಪ್ಪ ಎದ್ದು ನಿಂತೇಬಿಟ್ಟ. "ಬಿಸಲಿಗಂತ ಬರೂದಾದ್ರ ನಮ್ಮ ವಿಜಾಪುರಕ್ಕ ಯಾಕ ಬರವಲ್ರು? ಅಲ್ಲಿ ಬ್ಯಾಡಂದ್ರೂ ಸಿಗತೈತಿ!"

"ರಾಯಚೂರಲ್ಲಿ ಅದ್ರ ಅಪ್ಪನಂಥದು ಇದೆ" ಎಂದು ಹಿಂದಿನಿಂದ ಯಾರೋ ಕೂಗಿದರು.

ಒಬ್ಬರು ತಮ್ಮ ಬಾಸು ಹೋಗಿದ್ದು ಸಿಂಹ ನೋಡುವುದಕ್ಕೇ ಎಂದರು. ಇನ್ನೊಬ್ಬರು ಆಫ್ರಿಕಾದ ರಾಜಧಾನಿ ಯಾವುದು ಎಂದು ಕೇಳಿದರು. ಅನಂತಪದ್ಮನಾಭನ ಮಗಳು ದೊಡ್ಡ ದನಿಯಲ್ಲಿ, "ಆಫ್ರಿಕಾ ಈಸ್ ನಾಟ್ ಎ ಕಂಟ್ರಿ!" ಎಂದಳು. ಅವಳಿಗೆ ಇಂಗ್ಲಿಷಿನಲ್ಲಿ ಎದುರು ಮಾತಾಡಬಾರದೆಂದು ಹೇಳಲಾಯಿತು.

ಸತ್ಯವತಿ ಮೇಜು ಬಡಿದರು. "ಅಂಕಿ ಅಂಶ ಸಾಕು, ಅನಂತಪದ್ಮನಾಭ ಅವರೇ. ನಿಮ್ಮ ಸ್ವಂತ ಅನುಭವ ಹೇಳಿ. ಜನಕ್ಕೆ ಅದು ಬೇಕು."

ಅಲ್ಲಿಗೆ ಅವನ ಕಾಲು ಜಾರಿತು. ಎಂಟು ವರ್ಷ ಹೇಳಿ ಹೇಳಿ ನುಣುಪಾಗಿದ್ದ ಕತೆ ತಾನಾಗಿ ಹೊರಬಂತು. ಎಪ್ಪತ್ತೊಂಬತ್ತನೇ ಇಸವಿ, ಸೂರ್ಯೋದಯ, ಒಂಟೆ, ಪಿರಮಿಡ್ಡಿನ ಒಳಗಿನ ಕಿರಿದಾದ ದಾರಿ. ಜನ ಬಾಯಿ ತೆರೆದು ಕೇಳಿದರು. ಪದ್ಮಜಾ ಕತೆಯ ಪ್ರತಿ ತಿರುವಿಗೂ ಮೊದಲೇ ತಲೆದೂಗುತ್ತಿದ್ದಳು.

ಆಗ ಶರಣವ್ವ ಕೈ ಎತ್ತಿದಳು.

"ಅತ್ತೀ, ನೀವು ಸುಮ್ಮ ಕುಂದರ್ರಿ" ಎಂದ ವಿರುಪಾಕ್ಷಪ್ಪ.

"ಒಂದ ಮಾತಪಾ. ಏ ತಮ್ಮಾ, ಆ ಪಿರಮಿಡ್ಡಿನ ಒಳಗ ತಂಪ ಇತ್ತೋ, ಸೆಖಿ ಇತ್ತೋ?"

ಇಂಥ ಸುಲಭದ ಪ್ರಶ್ನೆ ಬಂದದ್ದಕ್ಕೆ ಅನಂತಪದ್ಮನಾಭನಿಗೆ ಖುಷಿಯಾಯಿತು. ಅಷ್ಟು ದಪ್ಪ ಕಲ್ಲು. ಯೋಚಿಸಬೇಕಾದ್ದೇನಿದೆ? "ತಣ್ಣಗಿತ್ತಮ್ಮ. ನಮ್ಮ ಹಳೇ ದೇವಸ್ಥಾನದ ಗರ್ಭಗುಡಿ ಇರುತ್ತಲ್ಲ, ಹಾಗೆ. ನಾನು ಶಾಲು ಹೊದ್ಕೊಬೇಕಾಯ್ತು."

"ಹೌದಾ?" ಮುದುಕಿ ನಿಜವಾಗಿಯೂ ಆಶ್ಚರ್ಯಪಟ್ಟಳು. "ನಾ ಹ್ವಾದಾಗ ಬೆವತು ನೀರಾಗಿದ್ದೆ. ಉಸರು ಹಿಡದು ನಮ್ಮ ಮನಿಯವರು ನನ್ನ ಎತ್ತಿಕೊಂಡು ಹೊರಗ ಬಂದ್ರು."

ಸಭೆ ಪೂರ್ತಿ ಅವಳ ಕಡೆ ತಿರುಗಿತು.

"ನೀವು ಯಾವಾಗ ಹೋಗಿದ್ರಿ ಅಜ್ಜಿ?" ಸತ್ಯವತಿ ಕೇಳಿದರು.

"ನಮ್ಮ ಮನಿಯವರು ಇಥಿಯೋಪಿಯಾದಾಗ ಗಣಿತದ ಮಾಸ್ತರ ಇದ್ರವ್ವಾ. ಒಂಬತ್ತು ವರ್ಷ ಅಲ್ಲೇ ಇದ್ವಿ. ಎಪ್ಪತ್ತೊಂಬತ್ತರಾಗ ಊರಿಗೆ ತಿರಗೂ ಮುಂದ ಈಜಿಪ್ಟು ನೋಡಕೊಂಡು ಬಂದ್ವಿ. ಇಲ್ಲಿಗೆ ಬಂದು ಹತ್ತು ದಿನ ಆತು, ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

ಯೂರೋಪಿನ ಏಳು ದೇಶಗಳ ಒಡೆಯ ವಿರುಪಾಕ್ಷಪ್ಪ ತನ್ನ ಬೂಟಿನ ತುದಿ ನೋಡುತ್ತಿದ್ದ. ಆದರೆ ತಲೆ ಎತ್ತಿದಾಗ ಅವನ ಕಣ್ಣಲ್ಲಿ ಬೇರೆಯೇ ಹೊಳಪಿತ್ತು. "ಅಂದ್ರ ಅನಂತಪದ್ಮನಾಭ ಅವರ, ನಿಮಗೊಬ್ಬರಿಗೇ ಹೆಂಗ್ರೀ ತಂಪಾತು?"

ನೂರು ಜನ. ನೂರು ಪುಟ್ಟ ಕುರ್ಚಿ. ಅನಂತಪದ್ಮನಾಭ ಒಮ್ಮೆ ಪದ್ಮಜಾಳ ಕಡೆ ನೋಡಿದ. ತಲೆದೂಗುವುದು ನಿಂತಿತ್ತು. ಇನ್ನೊಂದು ಸುಳ್ಳು ಹುಡುಕುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ನಾನು ಪಿರಮಿಡ್ಡು ನೋಡೇ ಇಲ್ಲ" ಎಂದ. "ಹನ್ನೊಂದು ಗಂಟೆ ಏರ್‌ಪೋರ್ಟಲ್ಲಿ ಕೂತಿದ್ದೆ. ಹೊರಗೆ ಬಿಡ್ಲಿಲ್ಲ. ಒಂದು ಗೋಡೆ ನೋಡ್ದೆ. ಅಷ್ಟೇ."

ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು.

"ಅಂದ್ರ ಎಂಟು ವರ್ಷ ಸುಳ್ಳ?" ವಿರುಪಾಕ್ಷಪ್ಪ ಹಬ್ಬದೂಟ ಬಡಿಸಿದವನಂತೆ ಎಲ್ಲರ ಮುಖವನ್ನೂ ನೋಡಿದ. ಪದ್ಮಜಾ ತಲೆ ತಗ್ಗಿಸಿ ಸೆರಗಿನ ಜರಿ ಎಣಿಸತೊಡಗಿದಳು. ಅವಳ ಕಿವಿ ಕೆಂಪಾಗಿತ್ತು. ಅದನ್ನು ಕಂಡು ಅನಂತಪದ್ಮನಾಭನಿಗೆ ತಾನು ಅಲ್ಲೇ ಪರದೆಯ ಹಿಂದೆ ಸರಿದು ಮಾಯವಾದರೆ ಸಾಕೆನಿಸಿತು.

ಅದನ್ನು ಶರಣವ್ವನೂ ಕಂಡಳು. ಕೇಳಬಾರದ್ದು ಕೇಳಿ ಒಂದು ಸಂಸಾರದ ಮರ್ಯಾದೆ ಕಳೆದೆನಲ್ಲ ಎಂದು ಮುದುಕಿಯ ಜೀವ ಚುರುಕ್ಕೆಂದಿತು. ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಸ್ವೆಟರು ಸರಿಮಾಡಿಕೊಂಡಳು.

"ಏ, ಆತ ಚ್ಯಾಷ್ಟಿ ಮಾಡಾಕತ್ತಾನ್ರೋ! ಅಷ್ಟೂ ತಿಳಿಯಂಗಿಲ್ಲೇನು? ನಾ ಹ್ವಾದದ್ದು ಮಟಮಟ ಮಧ್ಯಾಹ್ನ, ಸೆಖಿ ಇತ್ತು. ಆತ ಒಳಗ ಹ್ವಾದದ್ದು ನಸುಕಿನ್ಯಾಗ, ತಂಪ ಇತ್ತು. ನಾವು ಬರೂದ್ರಾಗ ಹೊರಗ ಬಂದಿದ್ದ. ಆತ ಹೋಗ್ಯಾನ. ನಾನ ನೋಡೀನಿ!"

"ನೋಡಿದ್ರಾ?" ಸತ್ಯವತಿ ಬೆರಗಾದರು.

"ಇದ ಮುಖ! ಆಗಿಂದ ತಿಳೀವಲ್ದು ಎಲ್ಲಿ ನೋಡೀನಿ, ಎಲ್ಲಿ ನೋಡೀನಿ ಅಂತ. ಪಿರಮಿಡ್ಡಿನ ಮುಂದ! ಭಾರತದಾವ ಅಂತ ನಮ್ಮ ಮನಿಯವರು ನನಗ ತೋರಿಸಿದ್ರು." ಹೇಳುತ್ತ ಅನಂತಪದ್ಮನಾಭನ ಕಡೆ ಒಂದು ಕಣ್ಣು ಮಿಟುಕಿಸಿದಳು.

ಸಭೆಗೆ ಸಭೆಯೇ ಉಸಿರು ಬಿಟ್ಟು ನಕ್ಕಿತು. "ಏನು ನಟನೆ ರೀ! ನಾವು ನಂಬೇಬಿಟ್ಟಿದ್ವಿ!" ಎಂದು ಸತ್ಯವತಿ ಚಪ್ಪಾಳೆ ತಟ್ಟಿದರು. ವಿರುಪಾಕ್ಷಪ್ಪನ ಮುಖ ಸಪ್ಪಗಾಯಿತು. ಪದ್ಮಜಾ ತಲೆ ಎತ್ತಿದಳು.

ಈಗಲೂ ಅನಂತಪದ್ಮನಾಭ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಮುಳುಗುವವನಿಗೆ ಹಗ್ಗ ಸಿಕ್ಕಿತ್ತು.

"ಹೌದು ಹೌದು, ಸುಮ್ನೆ ತಮಾಷೆಗೆ ಹೇಳ್ದೆ" ಎಂದ, ಹಣೆ ಒರೆಸಿಕೊಳ್ಳುತ್ತ. "ಅಜ್ಜಿ ನೋಡಿದ್ದು ನನ್ನನ್ನೇ. ಈಗ ನೆನಪಾಗ್ತಿದೆ. ನಾನೂ ಅವರಿಗೆ ನಮಸ್ಕಾರ ಮಾಡಿದ್ದೆ."

ತನ್ನ ಮಾತು ಹೀಗೆ ಚಿಗುರಿದ್ದು ನೋಡಿ ಶರಣವ್ವನಿಗೆ ಹುಮ್ಮಸ್ಸು ಬಂತು. ಹತ್ತು ದಿನದಿಂದ ಯಾರೂ ಕಿವಿಗೊಡದ ಬಾಯಿ. ಈಗ ನೂರು ಜನ ಕೇಳುತ್ತಿದ್ದರು. ಬರೀ ನೋಡಿದೆ ಎಂದರೆ ಯಾರಾದರೂ ಅನುಮಾನಪಟ್ಟಾರು ಎಂದು, ಗಟ್ಟಿಯಾಗಲೆಂದು, ಒಂದಿಷ್ಟು ವಿವರ ಸೇರಿಸಿದಳು.

"ನೀಲಿ ಅಂಗಿ ಹಾಕ್ಕೊಂಡಿದ್ದ. ಒಂಟಿ ಮ್ಯಾಲ ಕುಂತಿದ್ದ. ಹಿಂದ ಆಕಿ ಕುಂತಿದ್ಲು, ಕೆಂಪು ಟೊಪ್ಪಿಗಿ ಹಾಕ್ಕೊಂಡು. ಎಷ್ಟು ಚೆಂದಿದ್ಲಂತೀರಿ! ಇಬ್ಬರೂ ನಕ್ಕೊಂತ ಹೊಂಟಿದ್ರು. ಹೊಸಾ ಜೋಡಿ ಅಂತ ನಮ್ಮ ಮನಿಯವರು ಅಂದ್ರು."

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ನಿಂತವು.

ಪದ್ಮಜಾ ಮೆಲ್ಲಗೆ ಕೇಳಿದಳು: "ಎಪ್ಪತ್ತೊಂಬತ್ತರಲ್ಲಾ ಅಜ್ಜಿ?"

"ಹೌದವ್ವಾ, ಎಪ್ಪತ್ತೊಂಬತ್ತು. ಆಕಿ ನೀನಲ್ಲ?"

"ನಾನು ಆಗ ಮೈಸೂರಲ್ಲಿದ್ದೆ" ಎಂದಳು ಪದ್ಮಜಾ.

ವಿರುಪಾಕ್ಷಪ್ಪನ ಮುಖಕ್ಕೆ ಮತ್ತೆ ಕಳೆ ಬಂತು. ಸತ್ಯವತಿ ಚುರುಕಾಗಿ ಎದ್ದು, ಊಟ ಆರಿಹೋಗುತ್ತಿದೆ ಎಂದು ಪ್ರಕಟಿಸಿದರು. ಅಂದು ಸಾಲಿನಲ್ಲಿ ನಿಂತವರಲ್ಲಿ ಮೊರಾಕ್ಕೊ, ಟ್ಯುನೀಸಿಯಾಗಳ ಮಾತು ಒಬ್ಬರೂ ಆಡಲಿಲ್ಲ. ಆಫ್ರಿಕಾಕ್ಕೆ ಜನ ಏಕೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಮನದಟ್ಟಾಗಿತ್ತು. ಇಬ್ಬರು ಗಂಡಸರಂತೂ ಬಂದು ಅವನ ಕೈ ಕುಲುಕಿ ಹೋದರು.

ಪದ್ಮಜಾ ಉಣ್ಣಲಿಲ್ಲ. ಮಗಳ ಕೈ ಹಿಡಿದುಕೊಂಡು ಹೋಗಿ ಕಾರಿನಲ್ಲಿ ಕೂತು ಗಾಜು ಏರಿಸಿಕೊಂಡಳು.

ಅನಂತಪದ್ಮನಾಭ ಕಿಟಕಿಯ ಹೊರಗೆ ನಿಂತು ಗೋಗರೆದ. "ಪದ್ಮಾ, ದೇವರಾಣೆ, ಯಾವ ಟೋಪಿಯವಳೂ ಇರ್ಲಿಲ್ಲ. ನಾನು ಪಿರಮಿಡ್ಡಿಗೆ ಹೋಗೇ ಇಲ್ಲ!"

ಗಾಜು ಎರಡು ಬೆರಳಿನಷ್ಟು ಇಳಿಯಿತು. "ಹೋಗಿದ್ದೆ ಅಂತ ಎಂಟು ವರ್ಷ ಹೇಳಿದ್ದು ಯಾರು? ಹೋಗಿಲ್ಲ ಅಂದಿದ್ದು ತಮಾಷೆಗೆ ಅಂತ ಈಗ ಅಷ್ಟು ಜನರ ಮುಂದೆ ಒಪ್ಕೊಂಡಿದ್ದು ಯಾರು? ಅಜ್ಜಿಗೆ ನಮಸ್ಕಾರ ಬೇರೆ ಮಾಡಿದ್ರಂತೆ. ಒಂಟೆ ಮೇಲಿಂದ್ಲೇ ಮಾಡಿದ್ರಾ?" ಗಾಜು ಮತ್ತೆ ಏರಿತು.

ಅವನು ಓಡಿದ. ಶರಣವ್ವ ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಅಳಿಯನ ಕಾರಿಗೆ ಕಾಯುತ್ತಿದ್ದಳು.

"ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮಾನ ಉಳಿಸೋಕೆ ಹೇಳಿದ್ರಿ, ಸರಿ. ಆದ್ರೆ ಆ ಟೋಪಿಯವಳನ್ನ ಯಾಕೆ ಕೂರಿಸಿದ್ರಿ?"

"ಒಬ್ಬನ ಇದ್ದಾಂದ್ರ ಮಂದಿ ನಂಬತಾರೇನಪಾ? ಖರೇ ಅನಸಲಿ ಅಂತ ಅಂದೆ." ಮುದುಕಿಗೂ ಈಗ ಕಸಿವಿಸಿಯಾಗಿತ್ತು. "ಅಕಿ ಭಾಳ ಸಿಟ್ಟಾಗ್ಯಾಳೇನು?"

"ನೀವೇ ಬಂದು ಹೇಳಿ. ನೀವು ನನ್ನ ಅಲ್ಲಿ ನೋಡೇ ಇಲ್ಲ, ಎಲ್ಲಾ ಕಟ್ಟಿದ ಕತೆ ಅಂತ."

"ಅದೊಂದು ಆಗಂಗಿಲ್ಲಪಾ. ಅಷ್ಟು ಮಂದಿ ಮುಂದ ಸಾಕ್ಷಿ ಹೇಳೀನಿ. ಈಗ ಸುಳ್ಳು ಅಂದ್ರ ಅಳಿಯನ ಮನ್ಯಾಗ ನನ್ನ ಗತಿ ಏನು? ಮೊದಲ ನನ್ನ ಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ." ಅವನ ಬೆನ್ನು ತಟ್ಟಿದಳು. "ಅಂಜಬ್ಯಾಡ. ಅಕಿ ಮನಸ್ಸು ಹಗುರ ಮಾಡೂದು ನನಗ ಬಿಡು. ಬಾ."

ನಿಧಾನವಾಗಿ ನಡೆದು ಬಂದು ಕಿಟಕಿ ಬಡಿದಳು. ಹಿರಿಯರೆಂದು ಪದ್ಮಜಾ ಗಾಜನ್ನು ಪೂರ್ತಿ ಇಳಿಸಿದಳು. ಶರಣವ್ವ ಒಳಗೆ ಕೈ ಹಾಕಿ ಅವಳ ಗಲ್ಲ ಸವರಿದಳು.

"ಮಗಳ, ನೀ ಏನೂ ಮನಸ್ಸಿಗೆ ಹಚ್ಚಿಕೋಬ್ಯಾಡ. ನಾ ಹತ್ತಿರಿಂದ ನೋಡೀನಿ, ಹಂಥಾದ್ದೇನೂ ಇರಲಿಲ್ಲ. ಆತ ಅಕಿ ಕೈ ಹಿಡದದ್ದು ಬರೇ ಒಂಟಿಯಿಂದ ಇಳಸೂ ಮುಂದ."